ಹೆಸರು ಮರೆಯುವ ಮೊದಲು ಲೆಕ್ಕ ತಪ್ಪುತ್ತದೆ

ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಸಿಬಿಎಸಿ ಅನ್ನುವ ಒಂದು ಫಾರ್ಮ್ ಇರುತ್ತದೆ. ಮನೆಮನೆಗೆ ಹೋಗಿ, 30 ದಾಟಿದವರನ್ನೆಲ್ಲ ಮಾತಾಡಿಸಿ, ಬಿಪಿ, ಶುಗರ್, ಕ್ಯಾನ್ಸರ್ ಇವುಗಳ ಸುಳಿವು ಏನಾದರೂ ಇದೆಯಾ ಎಂದು ತುಂಬುವ ಫಾರ್ಮ್ ಅದು. ಅದರಲ್ಲಿ 60 ದಾಟಿದವರಿಗೇ ಎಂದು ಕೆಲವು ಪ್ರಶ್ನೆಗಳಿವೆ. ಒಂದು ಪ್ರಶ್ನೆ ಹೀಗಿದೆ: ಹತ್ತಿರದವರ ಹೆಸರು ಅಥವಾ ನಿಮ್ಮ ಮನೆ ವಿಳಾಸ ಮರೆತುಹೋಗುತ್ತದೆಯೇ?

ಕಲಬುರಗಿ ಜಿಲ್ಲೆಯ ಒಂದು ಹಳ್ಳಿ ಅಂದುಕೊಳ್ಳಿ. ಕಟ್ಟೆ ಮೇಲೆ ಆಯಿ ಕೂತಿದ್ದಾಳೆ. ಆಶಾ ಈ ಪ್ರಶ್ನೆ ಕೇಳುತ್ತಾಳೆ. "ಮರಿಯಾಕ ನನಗೇನಾಗ್ಯಾದವ್ವಾ? ನಿನ್ನ ಹೆಸರೂ ಗೊತ್ತದ, ನಿಮ್ಮವ್ವನ ಹೆಸರೂ ಗೊತ್ತದ" ಎಂದು ಆಯಿ ನಗುತ್ತಾಳೆ. 'ಇಲ್ಲ' ಎನ್ನುವ ಕಡೆ ಗುರುತು ಬೀಳುತ್ತದೆ. ಆಶಾ ಮುಂದಿನ ಮನೆಗೆ ಹೋಗುತ್ತಾಳೆ.

ಆಯಿ ಸುಳ್ಳು ಹೇಳಿಲ್ಲ. ಆದರೆ ಅದೇ ಆಯಿ ಈ ವರ್ಷ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ಪುಂಡಿಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ. ಕಿರಾಣಿ ಅಂಗಡಿಯಲ್ಲಿ ಐನೂರರ ನೋಟು ಕೊಟ್ಟು, ಚಿಲ್ಲರೆ ಎಣಿಸದೆ ಸೆರಗಿಗೆ ಕಟ್ಟಿಕೊಂಡು ಬರುತ್ತಾಳೆ. ಮೊದಲು ಒಂದು ರೂಪಾಯಿ ಕಮ್ಮಿ ಬಂದರೂ ಅಂಗಡಿಯವನ ಬೆವರಿಳಿಸುತ್ತಿದ್ದವಳು. ಇದ್ಯಾವುದನ್ನೂ ಫಾರ್ಮ್ ಕೇಳುವುದಿಲ್ಲ. ಅದು ಕೇಳುವ ಪ್ರಶ್ನೆಗೆ 'ಹೌದು' ಅನ್ನುವ ಉತ್ತರ ಬರುವ ಹೊತ್ತಿಗೆ ಡಿಮೆನ್ಷಿಯಾ ಬಹಳ ದೂರ ಸಾಗಿರುತ್ತದೆ.

ಡಿಮೆನ್ಷಿಯಾ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಅಂದ ಹಾಗೆ. ಜ್ವರದ ಹಿಂದೆ ಟೈಫಾಯಿಡ್ ಇರಬಹುದು, ಡೆಂಗಿ ಇರಬಹುದು. ಹಾಗೆಯೇ ನೆನಪು, ಮಾತು, ಲೆಕ್ಕ, ದಾರಿಯ ಗುರುತು, ಸರಿ ತಪ್ಪಿನ ಅಂದಾಜು ಇವೆಲ್ಲ ಮೊದಲಿಗಿಂತ ಇಳಿದು, ದಿನದ ಕೆಲಸ ಕೆಡತೊಡಗಿದರೆ ಅದನ್ನು ಡಿಮೆನ್ಷಿಯಾ ಅನ್ನುತ್ತಾರೆ. ಹಿಂದಿರುವ ಕಾಯಿಲೆ ಹೆಚ್ಚಿನವರಲ್ಲಿ ಆಲ್ಝೈಮರ್. ಇನ್ನು ಕೆಲವರಲ್ಲಿ ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬಂದದ್ದು. ಮತ್ತೆ ಕೆಲವರಲ್ಲಿ ಎರಡೂ ಸೇರಿರುತ್ತವೆ. ಇಳಿತ ಇದೆ, ಆದರೆ ಕೆಲಸ ಇನ್ನೂ ಕೆಟ್ಟಿಲ್ಲ ಅನ್ನುವ ನಡುವಿನ ಸ್ಥಿತಿಯೂ ಒಂದಿದೆ. ವೈದ್ಯರು ಅದನ್ನು ಎಂಸಿಐ ಎಂದು ಕರೆಯುತ್ತಾರೆ. ಎಂಸಿಐ ಇರುವವರೆಲ್ಲ ಡಿಮೆನ್ಷಿಯಾಕ್ಕೆ ಹೋಗುವುದಿಲ್ಲ. ಕೆಲವರು ಅಲ್ಲೇ ನಿಲ್ಲುತ್ತಾರೆ, ಕೆಲವರು ಸುಧಾರಿಸುತ್ತಾರೆ ಕೂಡ.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಅಂದರೆ ನಮ್ಮ ಆ ಕಟ್ಟೆ ಮೇಲಿನ ಆಯಿಯಂಥವರಲ್ಲೇ ಜಾಸ್ತಿ.

ಹಗೇವಿನ ಬಾಯಿ ಮುಚ್ಚಿದಾಗ

ಮನೆಯವರಿಗೆ ಯಾಕೆ ಬೇಗ ಗೊತ್ತಾಗುವುದಿಲ್ಲ? ಮುಖ್ಯ ಕಾರಣ ಹಳೆಯ ನೆನಪು ಗಟ್ಟಿಯಾಗಿರುವುದು. "ನಮ್ಮ ಮುತ್ಯಾಗ ಮರೆವಾ? ರಜಾಕಾರರ ಕಾಲದ ಕಥಿ ಕೇಳ್ರಿ, ಕಣ್ಣಿಗೆ ಕಟ್ಟಿದಂಗ ಹೇಳ್ತಾನ" ಅನ್ನುತ್ತಾರೆ. 1948ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವನು ಹೇಳುವ ಕಥೆ ನಿಜವೇ. ಆದರೆ ಬೆಳಗ್ಗೆ ನಾಷ್ಟಾ ಏನು ಮಾಡಿದೆ ಎಂದು ಅವನನ್ನು ಕೇಳಿ ನೋಡಿ.

ಹಿಂದೆ ನಮ್ಮ ಕಡೆ ಜೋಳ ತುಂಬಿಡಲು ಹಗೇವು ತೋಡುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಕೆಡಿಸುವುದು ಹಗೇವಿನ ಬಾಯಿಯನ್ನು. ಹೊಸ ನೆನಪನ್ನು ಒಳಗೆ ಇಳಿಸುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಸೊರಗುತ್ತದೆ. ತಳದ ಹಳೆ ಜೋಳ ಹಾಗೇ ಇರುತ್ತದೆ. ಈ ವರ್ಷದ ರಾಶಿ ಮಾತ್ರ ಒಳಗೆ ಹೋಗುವುದೇ ಇಲ್ಲ. ಅದಕ್ಕೇ ಅದೇ ಪ್ರಶ್ನೆ ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ. ಕೇಳಿದ್ದು, ಉತ್ತರ ಸಿಕ್ಕಿದ್ದು, ಎರಡೂ ಒಳಗೆ ಇಳಿದಿಲ್ಲ.

ಇನ್ನೊಂದು ಕಾರಣ ಫೋನು. ಮಕ್ಕಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಎಂದು ಹೋಗಿದ್ದಾರೆ. ದಿನಾ ರಾತ್ರಿ ಫೋನು. "ಊಟ ಆತೇನವ್ವಾ? ಮಳಿ ಬಂತೇನು? ಮೈಯಾಗ ಹುಷಾರ್ ಅದಿ ಇಲ್ಲ?" ಈ ಮಾತುಕತೆಗೆ ಹೊಸ ನೆನಪೇ ಬೇಕಿಲ್ಲ. ಬಾಯಿಪಾಠದ ಹಾಗೆ ಬರುತ್ತದೆ. ಉಪಚಾರದ ಮಾತು, ಮರ್ಯಾದೆ, ನಗೆ ಇವು ಬಹಳ ಕಾಲ ಉಳಿಯುತ್ತವೆ. ಶರಣಬಸವೇಶ್ವರ ಜಾತ್ರೆಗೆ ಮಗ ಊರಿಗೆ ಬಂದು ನಾಲ್ಕು ದಿನ ನಿಂತಾಗಲೇ ಅದೇ ಕಥೆ ದಿನಕ್ಕೆ ಐದು ಸಲ ಕೇಳಿ ಗಾಬರಿಯಾಗುವುದು. ಜೊತೆಯಲ್ಲೇ ಇರುವ ಸೊಸೆಗೆ ಇದು ಮೊದಲೇ ಗೊತ್ತಿರುತ್ತದೆ. ಹೇಳಿದರೆ "ಅತ್ತಿ ಮ್ಯಾಲ ಚಾಡಿ ಹೇಳ್ತಾಳ" ಅನ್ನಿಸಿಕೊಳ್ಳಬೇಕಾಗುತ್ತದೆಂದು ಸುಮ್ಮನಿರುತ್ತಾಳೆ.

ಇದಕ್ಕೆಲ್ಲ ಮೇಲೊಂದು ಗಾದೆ ಇದೆ. ಅರವತ್ತಕ್ಕೆ ಅರಳು ಮರುಳು. ಈ ಗಾದೆ ಎಷ್ಟು ಜನರ ಚಿಕಿತ್ಸೆ ತಪ್ಪಿಸಿದೆಯೋ ಎಂದು ನನಗೆ ಅನ್ನಿಸುವುದುಂಟು. ವಯಸ್ಸಾದಾಗ ನೆನಪು ನಿಧಾನವಾಗುವುದು ಸಹಜ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು, ಹೆಸರು ನಾಲಿಗೆ ತುದಿಯಲ್ಲಿದ್ದು ಆಮೇಲೆ ಬರುವುದು, ಇವು ಎಲ್ಲರಿಗೂ ಆಗುತ್ತವೆ. ಬೀಗದ ಕೈ ಜೋಳದ ಡಬ್ಬಿಯಲ್ಲಿ ಸಿಕ್ಕು, ಅಲ್ಲಿ ಇಟ್ಟದ್ದು ತಾನೇ ಎಂಬುದೇ ಹೊಳೆಯದೆ, ಯಾರೋ ಕದ್ದು ಇಟ್ಟರು ಎಂದು ಮನೆಯವರ ಮೇಲೆ ಸಂಶಯಪಟ್ಟರೆ ಅದು ಬರೀ ವಯಸ್ಸಲ್ಲ.

ಗಡಿಯಾರ ಬಿಡಿಸಿ ಅಂದರೆ?

ಡಿಮೆನ್ಷಿಯಾ ಹುಡುಕಲು ಕಿರು ಪರೀಕ್ಷೆಗಳಿವೆ. ಪ್ರಪಂಚದಲ್ಲೆಲ್ಲ ಬಳಸುವ ಎಂಎಂಎಸ್‌ಇ 1975ರದು. 2000ದಲ್ಲಿ ಬಂದ ಮಿನಿ-ಕಾಗ್ ಇನ್ನೂ ಚಿಕ್ಕದು: ಮೂರು ಪದ ಹೇಳಿ ನೆನಪಿಡಲು ಹೇಳುವುದು, ಒಂದು ಗಡಿಯಾರ ಬಿಡಿಸಲು ಹೇಳುವುದು, ಆಮೇಲೆ ಆ ಮೂರು ಪದ ಕೇಳುವುದು. ಮೂರು ನಿಮಿಷದ ಕೆಲಸ. ಒಪಿಡಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಆದರೆ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡಿಮೆ. ಆಗ ನಡುವಯಸ್ಸಿನಲ್ಲಿದ್ದ ಹೆಂಗಸರೇ ಇವತ್ತಿನ ಅಜ್ಜಿಯರು. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಕೈಗೆ ಗಡಿಯಾರ ಬಿಡಿಸು ಅಂದರೆ ಅವಳ ಮೆದುಳಿನ ಪರೀಕ್ಷೆ ಆಗುವುದಿಲ್ಲ. ಅವಳಿಗೆ ಶಾಲೆ ಸಿಗದೇ ಹೋದದ್ದರ ಪರೀಕ್ಷೆ ಆಗುತ್ತದೆ. ಉಲ್ಟಾ ಕೂಡ ಆಗುತ್ತದೆ. ರಿಟೈರ್ಡ್ ಮಾಸ್ತರರು ಇಳಿಮುಖವಾಗಿದ್ದರೂ ಹಳೆಯ ಓದಿನ ಬಲದಿಂದ ಒಳ್ಳೆ ಅಂಕ ತೆಗೆದು ಪಾಸಾಗಿಬಿಡುತ್ತಾರೆ.

ಭಾಷೆಯದೂ ಹಾಗೇ. ಮನೆಯಲ್ಲಿ ಲಂಬಾಣಿ, ದಖನಿ ಉರ್ದು, ಬೀದರ ಕಡೆ ಮರಾಠಿ, ಸೇಡಂ ಗುರುಮಠಕಲ್ ಕಡೆ ತೆಲುಗು ಮಾತಾಡುವವರಿಗೆ ಪುಸ್ತಕದ ಕನ್ನಡದಲ್ಲಿ ಪರೀಕ್ಷೆ ಮಾಡಿದರೆ ಏನು ತಿಳಿದೀತು? ತಾರೀಖು ಕೇಳುವುದೂ ಅಷ್ಟೇ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಹುಟ್ಟಿದ ದಿನ ಬರೆಸಿಕೊಂಡವರಿಗೆ ಇಂಗ್ಲಿಷ್ ತಿಂಗಳು ಎಂದೂ ಬೇಕಾಗಿಲ್ಲ. ಎಳ್ಳ ಅಮಾವಾಸ್ಯೆ ಆಯ್ತಾ ಇನ್ನೂ ಬರಬೇಕಾ, ಹೊಲಕ್ಕೆ ಚರಗ ಚೆಲ್ಲಿ ಎಷ್ಟು ದಿನ ಆಯ್ತು ಎಂದು ಕೇಳಿ. ರಂಜಾನ್ ಯಾವಾಗ ಮುಗೀತು ಎಂದು ಕೇಳಿ. ಇಡೀ ವರ್ಷವನ್ನು ಹಬ್ಬದ ಮೇಲೆ ಎಣಿಸುವವರು ಅದರಲ್ಲಿ ತಪ್ಪಿದರೆ ಆಗ ಕಿವಿ ನಿಮಿರಬೇಕು.

ಇದು ನಮಗೊಬ್ಬರಿಗೇ ಎದುರಾದ ತೊಡಕಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಓದು ಬಾರದ ಹಿರಿಯರಿಗೆಂದೇ ಎಂಎಂಎಸ್‌ಇಯನ್ನು ತಿದ್ದಿದರು. ಚೀಟಿಯಲ್ಲಿ 'ಕಣ್ಣು ಮುಚ್ಚಿ' ಎಂದು ಬರೆದು ಓದಿಸುವ ಬದಲು, ಪರೀಕ್ಷೆ ಮಾಡುವವರು ತಾವೇ ಕಣ್ಣು ಮುಚ್ಚಿ, ನನ್ನ ಹಾಗೆ ಮಾಡಿ ಅನ್ನುತ್ತಿದ್ದರು. ಈಚೆಗೆ ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಆದರೆ ಅದು ತರಬೇತಿ ಪಡೆದವರು ಸಮಯ ಕೊಟ್ಟು ಮಾಡುವಂಥದ್ದು. ಗದ್ದಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಗುವ ಮಾತಲ್ಲ.

ಅಲ್ಲಿಗೆ ಆಗುವಂಥದ್ದು ಬೇರೆ ದಾರಿ. ರೋಗಿಯನ್ನು ಅಂಕದ ಜೊತೆ ಹೋಲಿಸುವ ಬದಲು ಆಕೆಯನ್ನು ಹಿಂದಿನ ಆಕೆಯ ಜೊತೆಗೇ ಹೋಲಿಸುವುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2005ರಲ್ಲಿ ತಂದ ಎಡಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿ ಮಾಡುವುದು ಇದನ್ನೇ. ಮನೆಯವರನ್ನು ಕೇಳುವುದು: ಈ ಕೆಲವು ವರ್ಷಗಳಲ್ಲಿ ಬದಲಾವಣೆ ಕಂಡಿದೆಯಾ? ಎಂಟರಲ್ಲಿ ಎರಡು ಅಥವಾ ಹೆಚ್ಚು 'ಹೌದು' ಬಂದರೆ ಮುಂದೆ ತಪಾಸಣೆ ಮಾಡಬೇಕು.

ಅದನ್ನು ನಮ್ಮ ಊರಿನ ಮಾತಿಗೆ ತಂದರೆ ಹೀಗೆ ಕೇಳಬಹುದು. ಮುತ್ಯಾ ಮೊದಲು ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ತೊಗರಿ ಒಯ್ದಾಗ ಕ್ವಿಂಟಾಲಿಗೆ ಎಷ್ಟು, ಹಮಾಲಿ ಎಷ್ಟು ಹೋಯ್ತು, ಕೈಗೆ ಎಷ್ಟು ಬಂತು ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಈಗ ಅಡತಿಯವರು ಕೊಟ್ಟಷ್ಟು ತಗೊಂಡು ಬರುತ್ತಾನಾ? ಆಯಿ ಹಬ್ಬದ ದಿನದ ಹೋಳಿಗೆಯನ್ನು "ಈ ಸಲ ನೀನೇ ಮಾಡವ್ವಾ" ಎಂದು ತಪ್ಪಿಸಿಕೊಳ್ಳುತ್ತಾಳಾ? ಭಜನೆಗೆ ಹೋಗುವುದು ಬಿಟ್ಟಿದ್ದಾಳಾ? ಪಿಂಚಣಿ ದುಡ್ಡು ತಂದದ್ದು ಮರೆತು ಮತ್ತೆ ಕೇಳುತ್ತಾಳಾ? ಹೊಸ ಮಿಕ್ಸರೋ ಮೊಬೈಲೋ ತಂದರೆ ಎಷ್ಟು ಹೇಳಿಕೊಟ್ಟರೂ ಬರುತ್ತಿಲ್ಲವಾ? ಪಕ್ಕದ ಓಣಿಗೆ ಹೋಗಿ ದಾರಿ ತಪ್ಪಿದ್ದುಂಟಾ? ಪ್ರತಿಯೊಂದಕ್ಕೂ ಬಾಲಂಗೋಚಿ ಒಂದೇ: ಮೊದಲು ಹೀಗಿರಲಿಲ್ಲ ತಾನೇ?

ಮೊದಲೂ ಬರದೇ ಇದ್ದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಜೀವನದಲ್ಲಿ ಎಂದೂ ದುಡ್ಡು ಮುಟ್ಟದ ಹೆಂಗಸಿಗೆ ದುಡ್ಡಿನ ಲೆಕ್ಕ ಕೇಳಿ ಏನು ಬಂತು?

ವೈದ್ಯರ ಕಣ್ಣಿಗೆ ಬೀಳುವ ಒಂದು ಸಣ್ಣ ಸುಳಿವೂ ಇದೆ. ಏನಾದರೂ ಕೇಳಿದ ತಕ್ಷಣ ರೋಗಿ ಪಕ್ಕದಲ್ಲಿರುವ ಮಗಳ ಮುಖ ನೋಡುವುದು, ಉತ್ತರ ಅಲ್ಲಿದೆ ಅನ್ನುವ ಹಾಗೆ. ಒಂದು ಸಲ ಆದರೆ ಸಂಕೋಚ ಅನ್ನಬಹುದು. ಪ್ರತಿ ಪ್ರಶ್ನೆಗೂ ಆದರೆ ಬರೆದಿಟ್ಟುಕೊಳ್ಳಬೇಕು.

ಗುಳಿಗೆಯ ಪಟ್ಟಿ ಹೇಳುವ ಸತ್ಯ

ಬಿಪಿ, ಶುಗರ್ ಗುಳಿಗೆಗೆ ತಿಂಗಳಿಗೊಮ್ಮೆ ಜನ ಬಂದು ಸಾಲು ನಿಲ್ಲುತ್ತಾರಲ್ಲ, ಡಿಮೆನ್ಷಿಯಾ ಬೇಗ ಸಿಗುವುದಾದರೆ ಆ ಸಾಲಿನಲ್ಲೇ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದೇ ನರ್ಸ್, ಅದೇ ಫಾರ್ಮಸಿಸ್ಟ್ ಅದೇ ಮುಖಗಳನ್ನು ವರ್ಷಗಟ್ಟಲೆ ನೋಡುತ್ತಿರುತ್ತಾರೆ. ಹಳೆಯ ಗುಳಿಗೆ ಪಟ್ಟಿ ತಗೊಂಡು ಬನ್ನಿ ಅಂದರೆ ಸಾಕು. ಮೂವತ್ತು ದಿನದ ಗುಳಿಗೆಯಲ್ಲಿ ಇಪ್ಪತ್ತು ಉಳಿದಿದ್ದರೆ ಮರೆತಿದ್ದಾರೆ. ಹದಿನೈದೇ ದಿನಕ್ಕೆ ಖಾಲಿಯಾಗಿದ್ದರೆ ತಗೊಂಡದ್ದು ಮರೆತು ಮತ್ತೆ ತಗೊಂಡಿದ್ದಾರೆ. ಹತೋಟಿಯಲ್ಲಿದ್ದ ಶುಗರ್ ಈಗ ಒಂದು ತಿಂಗಳು ಮೇಲೆ, ಒಂದು ತಿಂಗಳು ಕೆಳಗೆ ಕುಣಿಯುತ್ತಿದ್ದರೆ ಔಷಧಿ ಬದಲಿಸುವ ಮೊದಲು ನೆನಪಿನ ಬಗ್ಗೆ ಒಂದು ಮಾತು ಕೇಳಬೇಕು. ಶುಗರ್ ತೀರಾ ಇಳಿದರೆ ಅದರಿಂದಲೂ ತಲೆ ಮಂಕಾಗುತ್ತದೆ. ಹಾಗಾಗಿ ಇದು ಎರಡೂ ಕಡೆಯಿಂದ ನೋಡಬೇಕಾದ ವಿಷಯ.

ಸುಳಿವು ಸಿಕ್ಕಿತು ಅಂದುಕೊಳ್ಳಿ. ತಕ್ಷಣ ಡಿಮೆನ್ಷಿಯಾ ಎಂದು ಚೀಟಿ ಬರೆಯಬಾರದು. ಮೊದಲು ನೋಡಬೇಕಾದ್ದು ವೇಗ. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಬರುವಂಥದ್ದು. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವರು ದಿಢೀರನೆ ಏನೇನೋ ಮಾತಾಡತೊಡಗಿದರೆ ಅದು ಡೆಲಿರಿಯಂ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಮೂತ್ರದ ಸೋಂಕು, ನ್ಯುಮೋನಿಯಾ ಇರಬಹುದು. ಏಪ್ರಿಲ್ ಮೇನಲ್ಲಿ ಕಲಬುರಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಕಮ್ಮಿಯಾಗಿ, ರಕ್ತದ ಸೋಡಿಯಂ ಏರುಪೇರಾಗಿ ಹಿರಿಯರು ಗೊಂದಲಕ್ಕೆ ಬೀಳುವುದು ನಮ್ಮ ಕಡೆ ಬೇಸಿಗೆಯಲ್ಲಿ ನೆನಪಿಡಬೇಕಾದ ವಿಷಯ. "ಗಾಳಿ ಸೋಕ್ಯಾದ" ಎಂದು ದರ್ಗಾಕ್ಕೋ ಗುಡಿಗೋ ಕರೆದೊಯ್ಯುವುದಾದರೆ ಹೋಗಿ ಬನ್ನಿ. ಆದರೆ ಮೊದಲು ಆಸ್ಪತ್ರೆ, ಆಮೇಲೆ ಅದು.

ಬಿದ್ದು ತಲೆಗೆ ಪೆಟ್ಟಾಗಿತ್ತಾ ಎಂದೂ ಕೇಳಬೇಕು. ಸಣ್ಣ ಪೆಟ್ಟು ಬಿದ್ದ ಕೆಲ ವಾರಗಳ ಮೇಲೂ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿ ಮೆದುಳನ್ನು ಒತ್ತಬಹುದು. ಸಿಟಿ ಸ್ಕ್ಯಾನಿನಲ್ಲಿ ಸಿಗುತ್ತದೆ, ಬೇಕಾದರೆ ಆಪರೇಷನ್ ಮಾಡಿ ತೆಗೆಯುತ್ತಾರೆ.

ಆಮೇಲೆ ಸರಿಪಡಿಸಬಹುದಾದ ಕಾರಣಗಳು. ಇದರಲ್ಲಿ ನಮ್ಮ ಭಾಗಕ್ಕೆ ಹೆಚ್ಚು ಹತ್ತಿರದ್ದು ಬಿ12. ಈ ಜೀವಸತ್ವ ಸಿಗುವುದು ಮಾಂಸ, ಮೊಟ್ಟೆ, ಹಾಲು ಮೊಸರಿನಲ್ಲಿ. ಮಾಂಸ ಮೊಟ್ಟೆ ಮುಟ್ಟದ, ಹಾಲು ಮೊಸರೂ ಮೊಮ್ಮಕ್ಕಳಿಗೆ ಬಿಟ್ಟುಕೊಟ್ಟು ರೊಟ್ಟಿ ಪಲ್ಯದಲ್ಲೇ ಊಟ ಮುಗಿಸುವ ಹಿರಿಯರಿಗೆ ಇದು ಸುಲಭವಾಗಿ ಕಮ್ಮಿಯಾಗುತ್ತದೆ. ಅದರ ಮೇಲೆ ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸಿಗೆ ದಿನಾ ಒಂದು ಗುಳಿಗೆ. ಈ ಎರಡೂ ಬಿ12 ಮೈಗೆ ಹತ್ತದಂತೆ ಮಾಡುತ್ತವೆ. ಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಮೂರೂ ಸೇರಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಕಮ್ಮಿಯಿದ್ದರೆ ಇಂಜೆಕ್ಷನ್ನೋ ಗುಳಿಗೆಯೋ ಅಗ್ಗದ್ದೇ, ಆದರೆ ತಡಮಾಡಿದರೆ ಕೆಟ್ಟ ನರ ಪೂರಾ ವಾಪಸ್ ಬರುವುದಿಲ್ಲ.

ಥೈರಾಯ್ಡ್ ಕಮ್ಮಿಯಾದರೂ ಮಂಕು ಬರುತ್ತದೆ. ಮನಸ್ಸಿನ ಖಿನ್ನತೆ ಮರೆವಿನ ವೇಷ ಹಾಕಿಕೊಂಡು ಬರುತ್ತದೆ: ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟವಳು ನಿಜವಾಗಿ ಮರೆತಿರುವುದಿಲ್ಲ, ಯಾವುದೂ ಬೇಡ ಅನ್ನಿಸಿರುತ್ತದೆ. ವರ್ಷಗಟ್ಟಲೆಯ ಕುಡಿತವನ್ನೂ ಕೇಳಬೇಕು. ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವ ನಿದ್ದೆ ಗುಳಿಗೆ, ನೆಗಡಿ ಗುಳಿಗೆಗಳನ್ನೂ ಕೇಳಬೇಕು. ಇವು ಹಿರಿಯರ ಮೆದುಳಿಗೆ ಮಂಪರು ಕವಿಸುತ್ತವೆ. ಚೀಲ ಬರಿದು ಮಾಡಿ ಎಲ್ಲ ಗುಳಿಗೆ ಮೇಜಿನ ಮೇಲೆ ಇಡಿ ಅನ್ನುವುದು ಒಳ್ಳೆಯ ಅಭ್ಯಾಸ.

ಕಿವಿಯ ಮಾತು ಬಿಟ್ಟರೆ ತಪ್ಪಾಗುತ್ತದೆ. ಪ್ರಶ್ನೆಯೇ ಕೇಳಿಸದವನು ಉತ್ತರ ಏನು ಕೊಟ್ಟಾನು? ಎಷ್ಟೋ ಸಲ ಕಿವಿಯ ಗುಗ್ಗೆ ತೆಗೆದರೇ ಅರ್ಧ ಮರೆವು ಹೋಗುತ್ತದೆ! ತಮಾಷೆ ಬಿಡಿ, ಕಿವುಡು ಡಿಮೆನ್ಷಿಯಾದ ಅಪಾಯವನ್ನೇ ಹೆಚ್ಚಿಸುತ್ತದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ 14 ಅಂಶಗಳಲ್ಲಿ ಕಿವುಡು, ಕಣ್ಣು ಮಂಜಾಗುವುದು, ಬಿಪಿ, ಶುಗರ್, ಬೀಡಿ ಸಿಗರೇಟು, ಓದು ಸಿಗದಿರುವುದು, ಒಂಟಿತನ ಎಲ್ಲ ಇವೆ. ಈ 14ನ್ನೂ ಪೂರ್ತಿ ಸರಿಪಡಿಸಿದರೆ ಪ್ರಪಂಚದ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. 2019ರಲ್ಲಿ ಬಂದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಎಂಸಿಐ ಕಮ್ಮಿ ಕಂಡಿತ್ತು. ಇವುಗಳಲ್ಲಿ ಬಹುಪಾಲು ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದ್ದೇ.

ಎಲ್ಲರಿಗೂ ಪರೀಕ್ಷೆ ಬೇಕಾ?

ಬೇಡ ಅನ್ನುವುದು ನನ್ನ ಉತ್ತರ. ಯಾವ ತೊಂದರೆಯೂ ಇಲ್ಲದ ಹಿರಿಯರನ್ನೆಲ್ಲ ಸಾಲಾಗಿ ಪರೀಕ್ಷಿಸುವುದರಿಂದ ಲಾಭ ಎಷ್ಟು, ನಷ್ಟ ಎಷ್ಟು ಎಂದು ತೂಗಿ ಹೇಳಲು ಪುರಾವೆ ಸಾಲದು ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2020ರಲ್ಲಿ ಹೇಳಿತು. ತಪ್ಪು ಎಚ್ಚರಿಕೆಗಳು ಜಾಸ್ತಿ ಬರುತ್ತವೆ. ಹಳ್ಳಿಯಲ್ಲಿ 'ತಲಿ ಕೆಟ್ಟದ' ಎಂಬ ಹಣೆಪಟ್ಟಿ ಒಮ್ಮೆ ಬಿದ್ದರೆ ತೆಗೆಯುವುದು ಕಷ್ಟ. ಹೊಲದ ಪಾಲಿನ ಜಗಳ ಇರುವ ಮನೆಯಲ್ಲಿ ಆ ಪಟ್ಟಿ ಆಯುಧವೂ ಆಗುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಾಯುವವರು ಎಲ್ಲ ಕಡೆ ಇದ್ದಾರೆ. ಹಾಗಾಗಿ ದೂರು ಬಂದವರನ್ನು, ಸುಳಿವು ಕಂಡವರನ್ನು, ಪಾರ್ಶ್ವವಾಯು ಆದವರನ್ನು, ಗುಳಿಗೆ ಲೆಕ್ಕ ತಪ್ಪಿದವರನ್ನು ನೋಡಿದರೆ ಸಾಕು.

ಬೇಗ ಗೊತ್ತಾದರೆ ಅದೇ ಹೊಲದ ವಿಷಯದಲ್ಲಿ ಲಾಭವೂ ಇದೆ. ಮುತ್ಯಾನಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಯಾರಿಗೆ ಏನು, ತನ್ನನ್ನು ಯಾರು ನೋಡಿಕೊಳ್ಳಬೇಕು, ಬ್ಯಾಂಕಿನ ಪುಸ್ತಕ ಯಾರ ಕೈಯಲ್ಲಿರಬೇಕು ಎಂದು ತಾನೇ ಹೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಡುತ್ತದೆ.

ಔಷಧಿಯ ಬಗ್ಗೆ ಹೆಚ್ಚು ಆಸೆ ಹುಟ್ಟಿಸುವುದು ತಪ್ಪು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಆಲ್ಝೈಮರನ್ನು ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತವೆ. ಈಚೆಗೆ ಬಂದಿರುವ ಹೊಸ ಇಂಜೆಕ್ಷನ್‌ಗಳು ದುಬಾರಿ, ಪದೇಪದೇ ಎಂಆರ್‌ಐ ಬೇಡುವಂಥವು. ನಮ್ಮ ಆಯಿಗೆ ಸದ್ಯ ಅವುಗಳ ಮಾತೇ ಬೇಡ.

ಮುಂದೆ ಎಲ್ಲಿಗೆ ಕಳಿಸುವುದು? ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕೆಂದು ಕಾ-ಭಿ ಯೋಜನೆಯನ್ನು ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಶುರು ಮಾಡಿತು, ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ನೋಡಿಕೊಳ್ಳುವ ಮನೆಯವರು ಸೋತುಹೋದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಹಿರಿಯರ ಸಹಾಯವಾಣಿ 14567.

ಇಷ್ಟೆಲ್ಲ ಆದಮೇಲೂ ಮೊದಲ ಭೇಟಿಯಲ್ಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಆಶಾ ತುಂಬಿದ ಆ ಫಾರ್ಮಿನ 'ಇಲ್ಲ' ಹಾಗೇ ಇರಲಿ. ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿರುವ ಸೊಸೆಯ ಹತ್ತಿರ ಹೋಗಿ, "ಅತ್ತಿಯವರು ಮೊದಲಿನಂಗೇ ಅದಾರೇನಕ್ಕಾ?" ಎಂದು ಕೇಳಲಿ. ಅವಳು ಹೇಳಿದ್ದನ್ನು ಎರಡು ಸಾಲಿನಲ್ಲಿ ಆಯಿಯ ಬಿಪಿ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದರೆ ಸಾಕು: ಸಂತೆಗೆ ಒಬ್ಬಳೇ ಹೋಗುವುದು ಬಿಟ್ಟಿದ್ದಾಳೆ, ಚಿಲ್ಲರೆ ಎಣಿಸುವುದಿಲ್ಲ, ರೊಟ್ಟಿ ಇನ್ನೂ ಸರಿಯಾಗಿ ಬಡಿಯುತ್ತಾಳೆ. ಕೆಳಗೆ ತಾರೀಖು. ಆರು ತಿಂಗಳ ಮೇಲೆ ಅದೇ ಹಾಳೆ ತೆಗೆದು, ಅದೇ ಸೊಸೆಗೆ, ಅದೇ ಮೂರು ಪ್ರಶ್ನೆ.